ಕರೆಯೋಲೆಯ ಇಶಾರೆಗಳು

ಮದುವೆಯ ಕರೆಯೋಲೆ ಮನೆಗೆ ಬಂದರೆ ನಮ್ಮ ಹಿರಿಯರು ಮೊದಲು ನೋಡುತ್ತಿದ್ದುದು ತಾರೀಖನ್ನಲ್ಲ. ಯಾರ ಹೆಸರು ಮೇಲಿದೆ, ಯಾರದು ಕೆಳಗಿದೆ, ಯಾವ ಚಾಚಾನ ಹೆಸರು ಬಿಟ್ಟುಹೋಗಿದೆ ಎಂಬುದನ್ನು. ಆ ಮನೆಯೊಳಗಿನ ಜಗಳ, ರಾಜಿ ಎಲ್ಲವೂ ಅವರಿಗೆ ಅಷ್ಟರಿಂದಲೇ ತಿಳಿದುಬಿಡುತ್ತಿತ್ತು.

ಕರೆಯೋಲೆಯಲ್ಲಿ ಹೇಳದೆ ಉಳಿದದ್ದನ್ನು ಓದುವ ಈ ಅಭ್ಯಾಸ ಈಗ ಇನ್ನೊಂದು ರೂಪದಲ್ಲಿ ಜಗತ್ತಿನಾದ್ಯಂತ ನಡೆಯುತ್ತಿದೆ. ಅಮೆರಿಕದ ಆಪಲ್ ಕಂಪನಿ ಹೊಸ ಫೋನುಗಳ ಬಿಡುಗಡೆಗೆ ಮುನ್ನ ಪತ್ರಕರ್ತರಿಗೆ ಆಮಂತ್ರಣ ಕಳುಹಿಸುತ್ತದೆ. ಒಂದು ಚಿತ್ರ, ಎರಡು ಮೂರು ಪದ, ದಿನಾಂಕ, ಅಷ್ಟೇ. ಅಭಿಮಾನಿಗಳು ಆ ಚಿತ್ರದ ಬಣ್ಣ, ನೆರಳು, ಗೆರೆಗಳನ್ನು ದೊಡ್ಡದು ಮಾಡಿ ನೋಡಿ, ಬರಲಿರುವ ಯಂತ್ರದ ಗುಟ್ಟನ್ನು ಹುಡುಕತೊಡಗುತ್ತಾರೆ.

ಇದನ್ನು ಮಕ್ಕಳಾಟವೆಂದು ನಕ್ಕುಬಿಡುವುದು ಸುಲಭ. ನಾವು ಹಾಗೆ ಮಾಡಲಾರೆವು. ಏಕೆಂದರೆ ಅವರ ಓದು ಎಷ್ಟೋ ಸಲ ಸರಿಯಾಗಿದೆ. 2012ರ ಸೆಪ್ಟೆಂಬರಿನ ಆಮಂತ್ರಣದಲ್ಲಿ 12 ಎಂಬ ಅಂಕಿಯ ನೆರಳು 5ರ ಆಕಾರದಲ್ಲಿ ಬಿದ್ದಿತ್ತು. ಬಂದದ್ದು ಐಫೋನ್ 5. 2013ರಲ್ಲಿ ಬಣ್ಣಬಣ್ಣದ ವೃತ್ತಗಳಿದ್ದವು. ಬಣ್ಣದ ಮೈಯ 5ಸಿ ಬಂತು. 2016ರ ಮಸುಕಾದ ದೀಪಗಳು, ಹಿನ್ನೆಲೆಯನ್ನು ಮಸುಕು ಮಾಡುವ ಜೋಡಿ ಕ್ಯಾಮೆರಾದ ಸೂಚನೆಯಾಗಿದ್ದವು. ತಪ್ಪಿದ್ದೂ ಉಂಟು. 2012ರ ಮಾರ್ಚಿನ ಚಿತ್ರದಲ್ಲಿ ಐಪ್ಯಾಡಿನ ಗುಂಡಿ ಕಾಣಲಿಲ್ಲವೆಂದು ಗುಂಡಿಯನ್ನೇ ತೆಗೆದಿದ್ದಾರೆ ಎಂದು ಹಲವರು ಊಹಿಸಿದರು. ಹೊಸ ಐಪ್ಯಾಡಿನಲ್ಲಿ ಗುಂಡಿ ಇದ್ದಲ್ಲೇ ಇತ್ತು. 2015ರ ಹೊತ್ತಿಗೆ ಕಂಪನಿಯೇ ಈ ಆಟಕ್ಕೆ ಇಳಿಯಿತು. ಒಂದು ಸುಳಿವು ಕೊಡೆಂದು ಫೋನಿನೊಳಗಿನ ಸಹಾಯಕಿ ಸಿರಿಯನ್ನೇ ಕೇಳುವ ಮಾತನ್ನು ಆಮಂತ್ರಣದ ಮೇಲೆ ಅಚ್ಚು ಮಾಡಿತು.

ಕಥೆ ಬರೆಯುವ ನಮಗೆ ಇಲ್ಲಿ ಸ್ವಲ್ಪ ಅಸೂಯೆಯೂ ಆಗುತ್ತದೆ. ಒಂದು ನೆರಳನ್ನು ಇಷ್ಟು ಶ್ರದ್ಧೆಯಿಂದ ಓದುವ ಓದುಗ ಯಾವ ಕಥೆಗಾರನಿಗೆ ಸಿಕ್ಕಿದ್ದಾನೆ? ಉರ್ದು ತರಗತಿಯಲ್ಲಿ ಉಸ್ತಾದರು ಇಶಾರೆ ಎಂದದ್ದನ್ನು ಕನ್ನಡದ ಮೇಷ್ಟ್ರು ಧ್ವನಿ ಎಂದರು. ಎರಡೂ ಒಂದೇ ಅಲ್ಲವಾದರೂ ಇಬ್ಬರೂ ಕಲಿಸಿದ್ದು ಒಂದೇ: ಒಳ್ಳೆಯ ಮಾತು ಅರ್ಥವಾದ ಮೇಲೂ ಮುಗಿಯುವುದಿಲ್ಲ. ಆಮಂತ್ರಣದ ಸುಳಿವಾದರೋ ಒಗಟಿನ ಜಾತಿಯದು. ಉತ್ತರ ಸಿಕ್ಕೊಡನೆ ಅದರ ಆಯುಷ್ಯ ತೀರಿತು. ಇಲ್ಲಿ ಒಗಟು ಹಾಕುವವನೇ ಅಂಗಡಿಯವನೂ ಆಗಿರುವುದರಿಂದ ಉತ್ತರದ ಜೊತೆಗೇ ಬೆಲೆಯ ಚೀಟಿಯೂ ಬರುತ್ತದೆ.

ಇದರ ಅಪಾಯ 2024ರಲ್ಲಿ ಕಂಡಿತು. ಆ ವರ್ಷದ ಸೆಪ್ಟೆಂಬರಿನ ಆಮಂತ್ರಣದಲ್ಲಿ ಕಂಪನಿಯ ಸೇಬು ಬಣ್ಣದ ಬೆಳಕಿನಿಂದ ಹೊಳೆಯುತ್ತಿತ್ತು. ಹೊಳೆಯುವ ಸಮಯ ಬಂತು ಎಂಬ ಅರ್ಥದ ಮಾತು ಜೊತೆಗಿತ್ತು. ಇದು ಹೊಸ ಸಿರಿಯ ಬೆಳಕು, ಕೃತಕ ಬುದ್ಧಿಮತ್ತೆಯ ಸುಳಿವು ಎಂದು ಅಭಿಮಾನಿಗಳು ಹೇಳಿದರು. ಅವರ ಓದು ನಿಜವಾಯಿತು. ಆದರೆ ಐಫೋನ್ 16 ಅಂಗಡಿಗೆ ಬಂದಾಗ ಆ ಬುದ್ಧಿ ಅದರೊಳಗೆ ಇರಲಿಲ್ಲ. ಮೊದಲ ಕಂತು ಅಕ್ಟೋಬರಿನಲ್ಲಿ ಬಂತು. ನಮ್ಮ ವಿಷಯವನ್ನೆಲ್ಲ ಅರಿತು ಕೆಲಸ ಮಾಡಿಕೊಡುವ ಸಿರಿ ಇನ್ನೂ ತಡವಾಗುತ್ತದೆಂದು 2025ರ ಮಾರ್ಚಿನಲ್ಲಿ ಕಂಪನಿಯೇ ಒಪ್ಪಿಕೊಂಡು, ಅದರ ಜಾಹೀರಾತೊಂದನ್ನು ಹಿಂದೆಗೆದುಕೊಂಡಿತು. ಏನು ಬರುತ್ತದೆ ಎಂದು ಕೇಳಿದವರು ಹಲವರು. ಅದು ನಿಜಕ್ಕೂ ಸಿದ್ಧವಿದೆಯೇ ಎಂದು ಕೇಳಿದವರು ಕಡಿಮೆ. ಊಹೆ ಸರಿಯಾದ ಮಾತ್ರಕ್ಕೆ ವಿಮರ್ಶೆ ಆಗುವುದಿಲ್ಲ.

ಇನ್ನೊಂದು ಆಮಂತ್ರಣ ನಮ್ಮ ನೆಲದವರೆಗೂ ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಂದ ಓಲೆಯ ಮೇಲೆ, ಕಾಲ ಹಾರಿಹೋಗುತ್ತದೆ ಎಂಬ ಅರ್ಥದ ಎರಡೇ ಇಂಗ್ಲಿಷ್ ಪದಗಳಿದ್ದವು. ಕಾಲವೆಂದರೆ ಗಡಿಯಾರವೆಂದು ಊಹಿಸಿದವರು ಗೆದ್ದರು; ಹೊಸ ವಾಚು ಬಂತು. ಅದೇ ಅಕ್ಟೋಬರ್, ನವೆಂಬರಿನಲ್ಲಿ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕೆಲವು ಕಾರ್ಮಿಕರಿಗೆ ಸಂಬಳ ಸಕಾಲಕ್ಕೆ ಸಿಗಲಿಲ್ಲ. ಡಿಸೆಂಬರ್ 12ರಂದು ಕಾರ್ಖಾನೆಯ ಗಾಜುಗಳು ಪುಡಿಯಾದವು. ಆ ಮೇಲೆ ಆಪಲ್ ವಿಚಾರಣೆ ಮಾಡಿಸಿ, ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆಯೇ ಅಲ್ಲಿ ಸರಿಯಿರಲಿಲ್ಲವೆಂದು ಹೇಳಿತು. ವಿಸ್ಟ್ರಾನಿಗೆ ಹೊಸ ಕೆಲಸ ಕೊಡುವುದನ್ನು ಆಗ ತಡೆಹಿಡಿಯಿತು. ಕಾಲದ ಲೆಕ್ಕ ತಪ್ಪಿದೆ ಎಂಬ ಸುಳಿವು ಎರಡು ತಿಂಗಳು ಸಂಬಳದ ಚೀಟಿಗಳಲ್ಲೇ ಇತ್ತು. ಅದನ್ನು ದೊಡ್ಡದು ಮಾಡಿ ನೋಡಿದವರಿಲ್ಲ.

ಹಾಗೆಂದು ನಾವು ಅಭಿಮಾನಿಗಳನ್ನು ದೂರುತ್ತಿಲ್ಲ. ನಮ್ಮ ಜೇಬಿನಲ್ಲೂ ಫೋನು ಇದೆ. ನರಸಾಪುರದ ಸುದ್ದಿಯನ್ನು ನಾವೂ ಗಾಜು ಒಡೆದ ಮೇಲೆಯೇ ಓದಿದೆವು. ಆದರೆ ಎರಡು ಓದುಗಳ ನಡುವಿನ ವ್ಯತ್ಯಾಸವನ್ನು ಮರೆಯಬಾರದು. ಈ ಅಭಿಮಾನಿಗಳು ಹುಡುಕುವುದು ಕರೆದವನು ತಾನಾಗಿ ಅಡಗಿಸಿಟ್ಟ ಗುಟ್ಟನ್ನು. ಅವರು ಅದನ್ನು ಹುಡುಕಲೆಂಬುದೇ ಅವನ ಆಸೆ. ನಮ್ಮ ಹಿರಿಯರು ಹುಡುಕುತ್ತಿದ್ದುದು ಕರೆದವನು ಬಿಟ್ಟುಬಿಟ್ಟ ಹೆಸರನ್ನು. ಹೆಸರಿಲ್ಲದ ಆ ಚಾಚಾನ ಮನೆಗೆ ಹೋಗಿ, ಏನಾಯಿತಪ್ಪಾ ಎಂದು ಕೇಳಿ, ಆಮೇಲೆ ಮದುವೆಗೆ ಹೋಗುತ್ತಿದ್ದರು.