ಕ್ಷಾಮವೂ ಹೆದ್ದಾರಿಯೂ

ದೂರದ ಸೀಮೆಯೊಂದರಲ್ಲಿ ಜನರು ಅನ್ನವಿಲ್ಲದೆ ಮಡಿದರೆಂಬ ವಾರ್ತೆ ಬಂದಾಗ ಆಳುವವರು ಹೇಳುವ ಸಮಾಧಾನವೊಂದುಂಟು: ಧಾನ್ಯವಿದ್ದಿತು, ಸಾಗಿಸಲು ದಾರಿಯಿರಲಿಲ್ಲ. ಈ ಮಾತನ್ನು ಒರೆಗೆ ಹಚ್ಚಿದ ಗ್ರಂಥಗಳಲ್ಲಿ ಅಮರ್ತ್ಯ ಸೇನರು 1981ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಅಗ್ರಗಣ್ಯವಾದುದು. ಅದರಲ್ಲಿ 1943ರ ಬಂಗಾಳದ ಕ್ಷಾಮವನ್ನು ಕುರಿತ ಅಧ್ಯಾಯವೇ ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಪರಿಹಾರಕಾರ್ಯವನ್ನು ಕುರಿತು ಚಿಂತಿಸುವವರಿಗೆ ಇಥಿಯೋಪಿಯದ ಅಧ್ಯಾಯವೇ ಹೆಚ್ಚು ಬೋಧಪ್ರದವಾದುದು.

ವೊಲ್ಲೊ ಎಂಬುದು ಆಗ ಆ ದೇಶದ ಈಶಾನ್ಯ ಭಾಗದ ಪ್ರಾಂತವಾಗಿದ್ದಿತು. ಅಲ್ಲಿ ಮಳೆ ತಪ್ಪಿ 1973ರಲ್ಲಿ ಕ್ಷಾಮವು ಉಗ್ರರೂಪವನ್ನು ತಾಳಿತು. ದೇಶದ ಒಟ್ಟು ಬೆಳೆಯಾದರೋ ಅಷ್ಟಾಗಿ ಕುಗ್ಗಿರಲಿಲ್ಲ. ದಾರಿಯಿರಲಿಲ್ಲವೆನ್ನೋಣವೆಂದರೆ, ಅಡಿಸ್ ಅಬಾಬದಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ವೊಲ್ಲೊವಿನ ಮೂಲಕವೇ ಹಾಯುತ್ತಿದ್ದಿತು. ಹಸಿದವರು ಆ ಹೆದ್ದಾರಿಯ ಬದಿಗೇ ಬಂದು ನೆರೆದರು. ಅದೇ ಕಾಲದಲ್ಲಿ ವೊಲ್ಲೊವಿನ ಧಾನ್ಯ ಹೊರಗಣ ಪಟ್ಟಣಗಳಿಗೆ ಸಾಗುತ್ತಿದ್ದಿತೆಂಬ ವರದಿಗಳನ್ನು ಗ್ರಂಥಕರ್ತರು ಮುಂದಿಡುತ್ತಾರೆ. ಬೆಳೆ ಕಳೆದುಕೊಂಡ ರೈತನ ಕೈಯಲ್ಲಿ ಕಾಸಿರಲಿಲ್ಲ. ಕೊಳ್ಳುವವರಿಲ್ಲದ ದೆಸ್ಸೀ ಪೇಟೆಯಲ್ಲಿ ಬೆಲೆಯೂ ಹೆಚ್ಚು ಏರಲಿಲ್ಲ. ಬೆಲೆಯೇರದ ಕಡೆಗೆ ವರ್ತಕನು ಮೂಟೆಗಳನ್ನು ತರುವುದೆಂತು? ಹೊರದೇಶಗಳ ನೆರವು ದೊಡ್ಡ ಪ್ರಮಾಣದಲ್ಲಿ ಬರುವ ವೇಳೆಗೆ ವೊಲ್ಲೊವಿನಲ್ಲಿ ಕ್ಷಾಮದ ಉತ್ಕಟಾವಸ್ಥೆ ಕಳೆದುಹೋಗಿದ್ದಿತು.

ಗ್ರಂಥದ ಶೈಲಿ ಶುಷ್ಕವಾದುದು. ಅಂಕಿಗಳ ನಡುವೆ ಮನುಷ್ಯನ ಮುಖ ಕಾಣುವುದು ಅಪರೂಪ. ಆದರೂ ಶೋಕೋದ್ಗಾರವಿಲ್ಲದ ಈ ಸಂಯಮವೇ ವಾದಕ್ಕೆ ಬಲವನ್ನಿತ್ತಿದೆ. ಕೊರತೆ ಬೇರೊಂದೆಡೆಯಲ್ಲಿದೆ. ಗ್ರಂಥಕರ್ತರ ದೃಷ್ಟಿ ಪೇಟೆಯಲ್ಲಿಯೂ ಹೆದ್ದಾರಿಯಲ್ಲಿಯೂ ನೆಲೆಸಿದೆ. ಅಲ್ಲಿಂದ ಕಾಲುದಾರಿ ಹಿಡಿದು ಬೆಟ್ಟವೇರಬೇಕಾದ ಹಳ್ಳಿಗೆ ನೆರವು ಮುಟ್ಟುವ ಬಗೆ ಹೇಗೆಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಹಸಿದವನಿಗೆ ಹಣವನ್ನು ಕೊಟ್ಟರೆ ಧಾನ್ಯವನ್ನು ವರ್ತಕನೇ ತರುವನೆಂಬ ಉಪಾಯವನ್ನು ಸೇನರು ಜಾನ್ ಡ್ರೇಜರೊಡನೆ 1989ರಲ್ಲಿ ಬರೆದ ಗ್ರಂಥದಲ್ಲಿ ವಿಚಾರಮಾಡಿರುವುದುಂಟು. ಅಂಗಡಿಯಿರುವ ಕಡೆ ಅದು ಸಾಧುವಾದ ಮಾರ್ಗ. ಆದರೆ 2015ರ ಭೂಕಂಪದಲ್ಲಿ ನೇಪಾಳದ ಗೋರ್ಖಾ ಸೀಮೆಯ ಬೆಟ್ಟದ ದಾರಿಗಳು ಕುಸಿದಾಗ ಅಕ್ಕಿಯು ಹಮಾಲರ ಬೆನ್ನಿನ ಮೇಲೆಯೂ ಹೇಸರಗತ್ತೆಗಳ ಮೇಲೆಯೂ ಹೋಗಬೇಕಾಯಿತು. ಅಂಥಲ್ಲಿ ಹಣ ಮೊದಲ ಮದ್ದಾಗಲಾರದು.

ಈ ಕೊರತೆಯಿಂದ ಗ್ರಂಥದ ಮುಖ್ಯೋಪದೇಶಕ್ಕೆ ಹಾನಿಯಿಲ್ಲ. ದಾರಿ ಮುರಿದ ಊರೂ, ದಾರಿಯಿದ್ದು ಕಾಸಿಲ್ಲದ ಊರೂ ರಾಜಧಾನಿಯಿಂದ ನೋಡುವವರಿಗೆ ಒಂದೇ ಬಗೆಯಾಗಿ ದೂರವಾಗಿ ಕಾಣುತ್ತವೆ. ಅವೆರಡರ ಚಿಕಿತ್ಸೆ ಬೇರೆ ಬೇರೆ. ಆ ಭೇದವನ್ನು ಅರಿಯದೆ ಕಳುಹಿದ ಮೂಟೆ, ವೊಲ್ಲೊವಿನಲ್ಲಾದಂತೆ, ಹಸಿದವನು ಕಣ್ಮುಚ್ಚಿದ ಮೇಲೆ ಬರುತ್ತದೆ.