ವಸ್ತುಸಂಗ್ರಹಾಲಯ ಮತ್ತು ನಮ್ಮ ಬಸದಿಯ ದಾಸ್ತಾನು ವಹಿ

ಕಾರ್ಕಳ, ವೇಣೂರು, ಮೂಡುಬಿದಿರೆಗಳ ದರ್ಶನ ಮುಗಿಸಿ ಮಂಗಳೂರಿಗೆ ಇಳಿಯುವ ನಮ್ಮ ಯಾತ್ರಿಕರು ರಾತ್ರಿಯ ಬಸ್ಸಿನವರೆಗೆ ಕಡಲತೀರದಲ್ಲಿ ಹೊತ್ತು ಕಳೆಯುವುದು ವಾಡಿಕೆ. ಬಸ್ ನಿಲ್ದಾಣದಿಂದ ಬಹು ದೂರವಲ್ಲದ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋಗುವವರು ವಿರಳ. ಕರ್ನಲ್ ಮಿರಾಜಕರ್ ಅವರು ತಮ್ಮ ತಾಯಿಯ ನೆನಪಿಗಾಗಿ ಮನೆಯನ್ನೇ ದಾನವಾಗಿ ಕೊಟ್ಟರು. 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹಡಗಿನ ಆಕಾರವನ್ನು ನೆನಪಿಸುವ ಆ ಕಟ್ಟಡ ಬಂದರಿನ ಊರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ತಾಯಿಯ ಹೆಸರಿನಲ್ಲಿ ಮಗ ಮಾಡಿದ ದಾನವೆಂದೊಡನೆ ಶ್ರಾವಕರಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟ ನೆನಪಾಗಬೇಕು. ಹೊಯ್ಸಳ ದಂಡನಾಯಕ ಗಂಗರಾಜನು ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನು ಕಟ್ಟಿಸಿದ್ದು 12ನೆಯ ಶತಮಾನದಲ್ಲಿ. ಯಾರು ಕೊಟ್ಟರು, ಯಾರಿಗಾಗಿ ಕೊಟ್ಟರು ಎಂಬುದು ಶಿಲೆಯಲ್ಲಿ ಬರೆದಿದ್ದರಿಂದಲೇ ಎಂಟುನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಾವು ಅದನ್ನು ಹೇಳಬಲ್ಲೆವು. ದಾನಶಾಸನವೆಂದರೆ ಒಂದು ರೀತಿಯ ಲೆಕ್ಕಪುಸ್ತಕವೇ. ವಸ್ತುಸಂಗ್ರಹಾಲಯದ ಸತ್ತ್ವವೂ ಗಾಜಿನ ಪೆಟ್ಟಿಗೆಯಲ್ಲಿಲ್ಲ. ಒಳಕೋಣೆಯಲ್ಲಿರುವ ಸೇರ್ಪಡೆ ವಹಿಯಲ್ಲಿದೆ. ವಸ್ತು ಎಲ್ಲಿಂದ ಬಂತು, ಯಾವಾಗ ಬಂತು, ಯಾರಿಂದ ಬಂತು, ಅಳತೆಯೆಷ್ಟು ಎಂಬಿವು ಅಲ್ಲಿ ದಾಖಲಾಗಿರದಿದ್ದರೆ ಅದು ಸಂಗ್ರಹಾಲಯವಲ್ಲ, ಉಗ್ರಾಣ.

ಈ ಮಾನದಂಡದಿಂದ ನೋಡಿದಾಗ ಕರಾವಳಿಯ ಬಗ್ಗೆ ನಮಗೆ ವಿಶೇಷ ಕಾಳಜಿ ಇರಬೇಕು. ತುಳುನಾಡಿನ ಚೌಟರು, ಬಂಗರು, ಅಜಿಲರು, ಕಾರ್ಕಳದ ಭೈರರಸರು ಜೈನರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಚೌಟ ವಂಶದವಳು. ಅವರ ಬಸದಿಗಳಲ್ಲಿ ಎಷ್ಟೋ ಪಾಳುಬಿದ್ದು ಬಿಂಬಗಳು ಚದುರಿಹೋದವು. ಹೀಗೆ ಚದುರಿದ ಬಿಂಬವೊಂದನ್ನು ಬೇರೊಂದು ಊರಿನ ಸಂಗ್ರಹಾಲಯದಲ್ಲಿ ಹಿಂದೊಮ್ಮೆ ಕಂಡಿದ್ದೆ. ‘ಜಿನ, ಕಲ್ಲು’ ಎಂದಷ್ಟೇ ಫಲಕದಲ್ಲಿತ್ತು. ಪೀಠದಲ್ಲಿ ವೃಷಭ ಲಾಂಛನ ಸ್ಪಷ್ಟವಾಗಿರುವಾಗ ಆದಿನಾಥ ಎಂದು ಬರೆಯಲು ಮಹಾಪಾಂಡಿತ್ಯ ಬೇಕಿಲ್ಲ. ಯಾವ ಊರಿನ ಬಸದಿಯದೆಂಬ ಸುಳಿವೂ ಇರಲಿಲ್ಲ. ನಮ್ಮ ಬಂಧುಗಳು ಇಂಥದನ್ನು ಕಂಡು ಸಿಟ್ಟಾಗುತ್ತಾರೆ, ‘ನಮ್ಮ ದೇವರನ್ನು ನಮಗೆ ಕೊಡಿ’ ಎನ್ನುತ್ತಾರೆ. ನಾನೂ ಅಂದವನೇ. ಆದರೆ ಕೇಳುವ ಅರ್ಹತೆಯನ್ನು ನಾವು ಉಳಿಸಿಕೊಂಡಿದ್ದೇವೆಯೇ?

ಇದನ್ನು ಬರೆಯಲು ನನಗೆ ಸಂಕೋಚವಿದೆ. ರಾಜಾಜಿನಗರದಲ್ಲಿ ನನ್ನದು ಪಾತ್ರೆ ವ್ಯಾಪಾರ. ಹಿತ್ತಾಳೆಯ ಚೊಂಬನ್ನೂ ತೂಗದೆ ಒಳಗೆ ತೆಗೆದುಕೊಂಡವನಲ್ಲ, ತೂಗದೆ ಮಾರಿದವನಲ್ಲ. ಇದೇ ನಾನು ಬಸದಿಯೊಂದರ ಟ್ರಸ್ಟಿನಲ್ಲಿ ಕೋಶಾಧಿಕಾರಿಯಾಗಿದ್ದಾಗ ಜೀರ್ಣೋದ್ಧಾರದ ಗಡಿಬಿಡಿಯಲ್ಲಿ ಒಂದು ಸಣ್ಣ ಪಂಚಲೋಹದ ಪಾರ್ಶ್ವನಾಥ ಬಿಂಬ ಕಾಣೆಯಾಯಿತು. ಹಿಂಬದಿಯಲ್ಲಿ ಎರಡು ಸಾಲು ಬರಹವಿತ್ತು, ಓದಿದವರಿಲ್ಲ. ದೂರು ಕೊಡಲು ಹೋದಾಗ ಪೊಲೀಸ್ ಅಧಿಕಾರಿ ಕೇಳಿದ್ದು ಮೂರೇ ಪ್ರಶ್ನೆ: ‘ಎತ್ತರ ಎಷ್ಟು ಸ್ವಾಮಿ? ತೂಕ ಎಷ್ಟು? ಫೋಟೋ ಇದೆಯೇ?’ ನಮ್ಮಲ್ಲಿ ಒಬ್ಬರು ಗೇಣು ಎಂದರು, ಇನ್ನೊಬ್ಬರು ಮೊಳ ಎಂದರು. ಹೆಡೆಗಳು ಏಳೆಂಬುದರಲ್ಲಿ ಮಾತ್ರ ಒಮ್ಮತವಿತ್ತು. ಸಿಮೆಂಟಿನ ಮೂಟೆಗಳಿಗೆ, ಕಬ್ಬಿಣದ ಸರಳುಗಳಿಗೆ ರಸೀದಿಗಳಿದ್ದವು; ಭಗವಂತನಿಗೆ ಒಂದು ಸಾಲಿನ ನಮೂದೂ ಇರಲಿಲ್ಲ. ಆ ವರ್ಷದ ಆಯವ್ಯಯ ಪಟ್ಟಿಗೆ ಸಹಿ ಹಾಕಿದವನು ನಾನೇ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ತದಾಹೃತಾದಾನ’ವನ್ನು, ಎಂದರೆ ಕದ್ದು ತಂದದ್ದನ್ನು ಕೊಳ್ಳುವುದನ್ನು ಎಣಿಸುತ್ತದೆ. ಮೂಲ ವಿಚಾರಿಸದೆ ವಿಗ್ರಹ ಕೊಳ್ಳುವ ಸಂಗ್ರಾಹಕನಿಗೆ ಈ ಮಾತು ನೇರವಾಗಿ ತಗಲುತ್ತದೆ. ಗುರುತಿನ ದಾಖಲೆಯಿಲ್ಲದೆ ಕಳ್ಳನ ದಾರಿ ಸುಗಮಗೊಳಿಸುವ ಟ್ರಸ್ಟಿಗೆ ಯಾವ ಹೆಸರೋ ತಿಳಿಯದು; ಸೂತ್ರದಲ್ಲಿಲ್ಲವೆಂದು ಸಮಾಧಾನಪಡುವಂತಿಲ್ಲ.

2013ರ ಜುಲೈಯಲ್ಲಿ ಮೂಡುಬಿದಿರೆಯ ಗುರುಬಸದಿಯಿಂದ ಅಮೂಲ್ಯ ಬಿಂಬಗಳು ಕಳವಾದಾಗ ನಾಡಿಗೆ ನಾಡೇ ತಲ್ಲಣಿಸಿತು. ಅವು ಯಾತ್ರಿಕರೆಲ್ಲರೂ ಬಲ್ಲ ಬಿಂಬಗಳು. ನಮ್ಮ ಬಡಾವಣೆಯ ಪಾರ್ಶ್ವನಾಥನನ್ನು ಬಲ್ಲವರು ನಾಲ್ವರು ಮುದುಕರು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯು ನೂರು ವರ್ಷ ಮೀರಿದ ವಿಗ್ರಹಗಳಿಗೂ ಎಪ್ಪತ್ತೈದು ವರ್ಷ ಮೀರಿದ ಹಸ್ತಪ್ರತಿಗಳಿಗೂ ಅನ್ವಯಿಸುತ್ತದೆ. ಛಾಯಾಚಿತ್ರ ಸಹಿತ ನೋಂದಣಿಯ ವ್ಯವಸ್ಥೆಯೂ ಅದರಲ್ಲಿದೆ. ನೋಂದಾಯಿಸಿದರೆ ಸರ್ಕಾರ ಒಯ್ಯುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ನೋಂದಣಿಯಾದ ಮಾತ್ರಕ್ಕೆ ಒಡೆತನ ಸರ್ಕಾರಕ್ಕೆ ಹೋಗುವುದಿಲ್ಲ.

ಮಂಗಳೂರಿನಿಂದ ಬಂದ ಮೇಲೆ ನಮ್ಮ ಸಭೆಯಲ್ಲಿ ವಿಷಯ ಎತ್ತಿದೆ. ಪ್ರತಿಷ್ಠಿತ ಬಿಂಬವನ್ನು ತಕ್ಕಡಿಗೆ ಇಡುವುದು ಅವಿನಯವೆಂದು ಪುರೋಹಿತರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಭಕ್ತಿಯಿದೆ, ಅಲ್ಲಗಳೆಯಲಾರೆ. ಮೂಲನಾಯಕನನ್ನು ಕದಲಿಸದೆ ಅಳತೆ, ಚಿತ್ರ ಮಾತ್ರ ತೆಗೆಯುವುದು. ಚರಬಿಂಬಗಳನ್ನು ಅಭಿಷೇಕಕ್ಕೆ ಇಳಿಸಿದಾಗ ಶುದ್ಧವಸ್ತ್ರ ಹಾಸಿ ತೂಗುವುದು ಎಂದು ಒಪ್ಪಂದವಾಯಿತು. ಪಟ್ಟಿ ಮಾಡಿದರೆ ಕಳ್ಳರಿಗೇ ಅನುಕೂಲ ಎಂದ ಸದಸ್ಯರೊಬ್ಬರಿಗಾಗಿ ಒಂದು ಪ್ರತಿಯನ್ನು ಬ್ಯಾಂಕಿನ ಲಾಕರಿನಲ್ಲಿ ಇಡಲು ತೀರ್ಮಾನಿಸಿದೆವು. ಈವರೆಗೆ ಹನ್ನೊಂದು ಬಿಂಬಗಳು ವಹಿಗೆ ಏರಿವೆ. ಕಾಣೆಯಾದದ್ದಕ್ಕೂ ಒಂದು ಪುಟ ತೆಗೆದಿದ್ದೇವೆ. ಎತ್ತರದ ಕಲಮಿನಲ್ಲಿ ಗೇಣು, ಮೊಳ ಎಂದು ಎರಡನ್ನೂ ಬರೆದಿದೆ.