ಕಾಯಿಲೆಯೂ ಅಲ್ಲದ ಪಾಪ: ಮ್ಯಾಕ್‌ಬೆತ್ ಮತ್ತು ಮನಶ್ಶಾಸ್ತ್ರೀಯ ವಿಮರ್ಶೆ

ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಲ್ಲೇ ಎದ್ದು ಬಂದು, ಇಲ್ಲದ ರಕ್ತದ ಕಲೆಯನ್ನು ತಿಕ್ಕಿ ತಿಕ್ಕಿ ತೊಳೆಯುವ ದೃಶ್ಯಕ್ಕೆ ಮನಶ್ಶಾಸ್ತ್ರ ಮಾರುಹೋದದ್ದು ಸಹಜವೇ. 1904ರಲ್ಲಿ ವಿಮರ್ಶಕ ಎ.ಸಿ. ಬ್ರ್ಯಾಡ್ಲಿ ತನ್ನ ಶೇಕ್ಸ್‌ಪಿಯರ್ ಉಪನ್ಯಾಸಗಳಲ್ಲಿ ಪಾತ್ರಗಳ ಒಳಮನಸ್ಸಿಗೆ ಇಳಿದ. ಹನ್ನೆರಡು ವರ್ಷಗಳ ಬಳಿಕ ಫ್ರಾಯ್ಡ್ ಅದೇ ಹೆಣ್ಣನ್ನು, ಗೆಲುವು ಕೈಗೆ ಬಂದ ಕ್ಷಣದಲ್ಲೇ ಕುಸಿದುಬೀಳುವವರ ಸಾಲಿನಲ್ಲಿ ನಿಲ್ಲಿಸಿದ. ಪಾಪಪ್ರಜ್ಞೆಯನ್ನು ರೋಗಲಕ್ಷಣಗಳ ಮೂಲಕ ಓದುವ ಪರಂಪರೆಯೊಂದು ಹೀಗೆ ಬೇರುಬಿಟ್ಟಿತು.

ಈ ಪರಂಪರೆ ಕೊಟ್ಟದ್ದು ಕಡಿಮೆಯೇನಲ್ಲ. ಫ್ರಾಯ್ಡ್‌ನ ಪ್ರಬಂಧದ ಮಧ್ಯೆ, ಮನೋವಿಶ್ಲೇಷಕ ಲುಡ್ವಿಗ್ ಯೆಕೆಲ್ಸ್‌ನಿಂದ ಪಡೆದ ಒಂದು ಹೊಳಹಿದೆ: ಗಂಡ ಹೆಂಡತಿ ಒಂದೇ ಮನಸ್ಸಿನ ಎರಡು ಹೋಳುಗಳು. ರಾಜ ಡಂಕನ್‌ನನ್ನು ಕೊಂದ ರಾತ್ರಿ, ಇನ್ನು ನಿದ್ದೆಯಿಲ್ಲ ಎಂಬ ಕೂಗು ಕೇಳಿಸಿದ್ದು ಮ್ಯಾಕ್‌ಬೆತ್‌ಗೆ. ನಿದ್ದೆಯಲ್ಲೂ ವಿಶ್ರಾಂತಿ ಸಿಗದೆ ಅಲೆದದ್ದು ಅವಳು. ಕೈಯ ರಕ್ತ ಕಡಲನ್ನೇ ಕೆಂಪಾಗಿಸೀತೆಂದು ನಡುಗಿದ್ದು ಅವನು. ಒಂದಿಷ್ಟು ನೀರಿದ್ದರೆ ಸಾಕೆಂದವಳೇ ಕೊನೆಗೆ ಕೈ ತೊಳೆದು ಮುಗಿಸಲಾರದೆ ಹೋದಳು. ಒಬ್ಬರ ಭಯ ಇನ್ನೊಬ್ಬರ ಮೈಯಲ್ಲಿ ಫಲಿಸುತ್ತದೆ. ನಾಟಕವನ್ನು ಎಷ್ಟು ಸಲ ಓದಿದರೂ ಈ ಮಾತು ಸಡಿಲವಾಗುವುದಿಲ್ಲ. ಆದರೆ ಅವಳ ಕುಸಿತಕ್ಕೆ ಮಕ್ಕಳಿಲ್ಲದ್ದೇ ಕಾರಣವಿರಬಹುದೆಂದು ಹುಡುಕಹೊರಟ ಫ್ರಾಯ್ಡ್, ನಾಟಕದ ಕಾಲ ಅದಕ್ಕೆ ತೀರಾ ಕಿರಿದಾಯಿತೆಂದು ತಾನೇ ಕೈಚೆಲ್ಲಿದ. ಆ ಪ್ರಾಮಾಣಿಕತೆ ಅವನ ಅನುಯಾಯಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. 1933ರಲ್ಲಿ ವಿಮರ್ಶಕ ಎಲ್.ಸಿ. ನೈಟ್ಸ್, ಲೇಡಿ ಮ್ಯಾಕ್‌ಬೆತ್‌ಗೆ ಮಕ್ಕಳೆಷ್ಟು ಎಂಬ ಕೆಣಕುವ ಶೀರ್ಷಿಕೆಯಲ್ಲೇ ಬ್ರ್ಯಾಡ್ಲಿಯ ದಾರಿಯನ್ನು ಗೇಲಿ ಮಾಡಿದ. ಪಾತ್ರವನ್ನು ನೆರೆಮನೆಯವರಂತೆ ವಿಚಾರಿಸಬಾರದೆಂಬ ಅವನ ವಾದ ಸರಿ. ಆದರೆ ನಾಟಕವನ್ನು ಬರೀ ಕಾವ್ಯವೆಂದು ಓದಿದರೆ ಆ ಕೈಗಳನ್ನು ಉಜ್ಜುವ ನಟಿಯ ದೇಹ ಎಲ್ಲಿ ಹೋಯಿತು?

ನನ್ನ ತಕರಾರು ಬೇರೆ. ಲಕ್ಷಣಗಳಿರುವವರೆಗೆ ಈ ವಿಮರ್ಶೆ ಚುರುಕಾಗಿರುತ್ತದೆ, ಅವು ಮಾಯವಾದೊಡನೆ ತಡವರಿಸುತ್ತದೆ. ಮ್ಯಾಕ್‌ಬೆತ್‌ನ ಕಥೆಯನ್ನೇ ನೋಡಿ. ಕೊಲೆಯಾದ ಹೊತ್ತಿನಲ್ಲಿ ಅವನ ಬಾಯಿಂದ ಆಮೆನ್ ಎಂಬುದೂ ಹೊರಡುವುದಿಲ್ಲ. ಔತಣದಲ್ಲಿ, ತಾನೇ ಕೊಲ್ಲಿಸಿದ ಬ್ಯಾಂಕೋನ ಪ್ರೇತ ಅವನ ಆಸನದಲ್ಲೇ ಕೂರುತ್ತದೆ. ನಾಲ್ಕನೆಯ ಅಂಕದಲ್ಲಿ ಮಾಟಗಾತಿಯರ ಬಳಿ ಅದು ಕೊನೆಯ ಸಲ ಕಾಣುತ್ತದೆ. ಅಲ್ಲಿಂದಾಚೆಗೆ ಪ್ರೇತವಿಲ್ಲ, ನಡುಕವಿಲ್ಲ. ತನ್ನ ವೈರಿ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸಲು ಅವನಿಗೆ ಯಾರ ಪ್ರಚೋದನೆಯೂ ಬೇಕಾಗುವುದಿಲ್ಲ. ಐದನೆಯ ಅಂಕದಲ್ಲಿ ಹೆಂಗಸರ ಗೋಳು ಕಿವಿಗೆ ಬಿದ್ದಾಗ, ಭಯದ ರುಚಿಯೇ ಬಹುತೇಕ ಮರೆತುಹೋಗಿದೆ ಎನ್ನುತ್ತಾನೆ. ರಾಣಿ ಸತ್ತಳೆಂಬ ಸುದ್ದಿ ಬಂದರೆ ಅವಳಿಗಾಗಿ ಅಳುವ ಶಕ್ತಿಯೂ ಅವನಲ್ಲಿ ಉಳಿದಿಲ್ಲ. ರೋಗಿಯಾಗಿ ನೋಡಿದರೆ ಇವನು ಚೇತರಿಸಿಕೊಂಡವನು! ಮನುಷ್ಯನಾಗಿ ನೋಡಿದರೆ ನಾಟಕದ ಅತಿ ಭಯಂಕರ ಪರಿಣಾಮ ಇದೇ. ಸಂಕಟ ಪಡುವ ಮನಸ್ಸಿಗೆ ಇನ್ನೂ ಯಾರೋ ಕಾಣುತ್ತಿರುತ್ತಾರೆ. ಮರಗಟ್ಟಿದ ಮನಸ್ಸಿಗೆ ಯಾರೂ ಕಾಣುವುದಿಲ್ಲ. ಅವನ ಅಂತಃಸಾಕ್ಷಿ ಮಾತಾಡುವುದು ಕಲ್ಪನೆಯ ಚಿತ್ರಗಳಲ್ಲಿ ಎಂದು ಬ್ರ್ಯಾಡ್ಲಿ ಗುರುತಿಸಿದ್ದ. ಆ ಚಿತ್ರಗಳು ನಿಂತುಹೋದ ಮೇಲಿನ ಬರಡುತನವನ್ನು ಅವನೂ ಕಂಡಿದ್ದ. ಅವನ ನಂತರದ ಮನೋವಿಶ್ಲೇಷಕರು ಆ ಬರಡಿಗೆ ಕಾಲಿಡದೆ ರಾಣಿಯ ಕೋಣೆಯಲ್ಲೇ ಉಳಿದರು.

ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಈ ನಾಟಕದ ಕನ್ನಡ ರೂಪಾಂತರ. ರಂಗನಿರ್ದೇಶಕ ಹುಲುಗಪ್ಪ ಕಟ್ಟೀಮನಿ ಅದನ್ನು ಜೈಲಿನ ಕೈದಿಗಳಿಂದಲೇ ಆಡಿಸಿದರು. ಶಿಕ್ಷೆ ಅನುಭವಿಸುತ್ತಿರುವವರು ಈ ಪಾತ್ರಗಳಲ್ಲಿ ನಿಂತಾಗ, ಇವನಿಗೆ ಯಾವ ಕಾಯಿಲೆ ಎಂಬ ಪ್ರಶ್ನೆ ತೀರಾ ಸಣ್ಣದೆನಿಸುತ್ತದೆ. ಮಾಡಿದ್ದನ್ನು ಹೊತ್ತುಕೊಂಡು ಇವನು ಮನುಷ್ಯರ ನಡುವೆ ಹೇಗೆ ಬದುಕಬೇಕು ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ.

ಶೇಕ್ಸ್‌ಪಿಯರ್ ಆ ಪ್ರಶ್ನೆಯನ್ನು ನಿದ್ರಾನಡಿಗೆಯ ದೃಶ್ಯದೊಳಗೇ ಇಟ್ಟಿದ್ದಾನೆ. ಅಲ್ಲಿ ರಾಣಿ ಒಬ್ಬಳೇ ಇಲ್ಲ; ಪರಿಚಾರಿಕೆಯೂ ವೈದ್ಯನೂ ಇದ್ದಾರೆ. ರಾಣಿ ಆಡಿದ್ದೇನೆಂದು ವೈದ್ಯ ಕೇಳಿದರೆ, ತನ್ನ ಮಾತಿಗೆ ಸಾಕ್ಷಿಯಿಲ್ಲವೆಂದು ಪರಿಚಾರಿಕೆ ಬಾಯಿ ಬಿಡಲು ಒಪ್ಪುವುದಿಲ್ಲ. ಅವಳಿಗೆ ಗೊತ್ತಿದೆ, ಗೊತ್ತಿರುವುದೇ ಅವಳಿಗೆ ಅಪಾಯ. ವೈದ್ಯ ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾನೆ, ಇದು ತನ್ನ ವಿದ್ಯೆಗೆ ಮೀರಿದ್ದು, ಇವಳಿಗೆ ಬೇಕಾದದ್ದು ಪಾದ್ರಿ ಎನ್ನುತ್ತಾನೆ, ಮನಸ್ಸಿನಲ್ಲಿರುವುದನ್ನು ಹೇಳುವ ಧೈರ್ಯವಿಲ್ಲದೆ ಹೊರಟುಹೋಗುತ್ತಾನೆ. ಮುಂದೆ ಅವನ ಒಂದೇ ಆಸೆ, ಡನ್ಸಿನೇನ್ ಕೋಟೆಯಿಂದ ಪಾರಾಗುವುದು. ಮತ್ತೆ ಎಷ್ಟು ಹಣ ಕೊಟ್ಟರೂ ಅವನು ಅಲ್ಲಿಗೆ ಬರಲಾರ. ಕೊಂದವರ ಪಾಪ ಕೊಲ್ಲದವರ ನಾಲಿಗೆಯನ್ನು ಕಟ್ಟಿಹಾಕಿರುವುದು ಹೀಗೆ. ಪರಿಚಾರಿಕೆ, ವೈದ್ಯ ಈ ಇಬ್ಬರ ಮನಸ್ಸಿಗೆ ಏನಾಯಿತೆಂದು ಒಂದು ಶತಮಾನದ ಮನಶ್ಶಾಸ್ತ್ರೀಯ ವಿಮರ್ಶೆ ವಿಚಾರಿಸಿದ್ದು ತೀರಾ ಕಡಿಮೆ.